ಎರಡನೇ ಕಿವಿ

"ಮನೆಗಾ ಮೇಡಂ, ಕೆಲಸಕ್ಕಾ?"

ಲ್ಯಾಪ್‌ಟಾಪು, ಫ್ರಿಜ್ಜು ಮಾರುವ ಅಂಗಡಿಯವನು ಕೇಳಿದ್ದು ಇಷ್ಟೇ. ಪಾಠದಲ್ಲಿಲ್ಲದ ಪ್ರಶ್ನೆ ಬಂದವಳ ಹಾಗೆ ಅವಳು ಪಕ್ಕದಲ್ಲಿ ನಿಂತಿದ್ದ ಗಂಡನ ಮುಖ ನೋಡಿದಳು. ಗಂಡ ಆಗಲೇ ಕೌಂಟರಿನ ಅಂಚನ್ನು ಹೆಬ್ಬೆರಳಲ್ಲಿ ಸವರುತ್ತ, ಮೇಲೆ ಅಂಟಿಸಿದ ಹಾಳೆ ಎಲ್ಲಿ ಬಿಟ್ಟುಕೊಂಡಿದೆ ಎಂದು ಹುಡುಕುತ್ತಿದ್ದ. ಯಾರ ಮನೆಗೆ ಹೋಗಲಿ, ಆಸ್ಪತ್ರೆಗೇ ಹೋಗಲಿ, ಅವನ ಹೆಬ್ಬೆರಳು ಮೊದಲು ಹೋಗುವುದು ಅಂಚಿಗೆ. ಅವನು ಅಡುಗೆಮನೆಗಳ ನಕ್ಷೆ ಬರೆಯುವವನು. ಊರಿನ ಅದೆಷ್ಟೋ ಹೆಂಗಸರು ಗಂಡಸರು ಅವನು ಎಳೆದ ಗೆರೆಗಳ ನಡುವೆ ನಿಂತು ಹಾಲು ಕಾಯಿಸುತ್ತಾರೆ, ಅವನು ಹೇಳಿದ ಎತ್ತರಕ್ಕೆ ಕೈ ಚಾಚಿ ಸಕ್ಕರೆ ಡಬ್ಬಿ ತೆಗೆಯುತ್ತಾರೆ. ಅವನ ಸ್ವಂತ ಅಡುಗೆಮನೆಯಲ್ಲಿ ಮಾತ್ರ ಸಿಂಕಿನ ಮೇಲಿನ ಕಪಾಟಿಗೆ, ಆ ಮನೆಗೆ ಬಂದಾಗಿನಿಂದಲೂ, ಬಾಗಿಲಿಲ್ಲ. ಗೋಡೆ ಅಲ್ಲಿ ಸ್ವಲ್ಪ ಸೊಟ್ಟ, ಸಿದ್ಧ ಬಾಗಿಲು ಕೂರುವುದಿಲ್ಲ, ಅಳತೆ ತೆಗೆದು ಮಾಡಿಸಬೇಕು ಎಂದು ಅವನು ಹೇಳುತ್ತ ಬಂದಿದ್ದಾನೆ. ಬಂದ ನೆಂಟರೆಲ್ಲ ಕೈ ತೊಳೆಯುವಾಗ ಆ ಕಪಾಟಿನ ಕರುಳನ್ನು ನೋಡಿ, ನೋಡಲಿಲ್ಲವೆಂಬಂತೆ ಟವೆಲ್ ಹುಡುಕುತ್ತಾರೆ.

"ಎರಡಕ್ಕೂ," ಎಂದಳು.

"ಎರಡಕ್ಕೂ ಒಂದಾ, ಎರಡಕ್ಕೆ ಎರಡಾ?"

ಅದೇ. ಅದನ್ನು ತಿಳಿಯಲೆಂದೇ ಅವಳು ಇವತ್ತು ಗಂಡನನ್ನು ಹೊರಡಿಸಿಕೊಂಡು ಬಂದದ್ದು. ಅವನು ಇನ್ನೊಂದು ಊರಿಗೆ ಹೋಗುತ್ತಾನೋ ಇಲ್ಲವೋ, ಅಲ್ಲಿ ಹಳೆಯ ಪಾಲುದಾರನ ಜೊತೆ ಸೇರಿ ಅಡುಗೆಮನೆಗಳ ದೊಡ್ಡ ಅಂಗಡಿ ತೆರೆಯುತ್ತಾನೋ ಇಲ್ಲವೋ, ಹೋದರೆ ಅದು ಕೆಲಸಕ್ಕಾಗಿ ಹೋಗುವುದೋ ಅಥವಾ ಅದಕ್ಕೆ ಬೇರೆ ಹೆಸರಿದೆಯೋ, ಇದನ್ನೆಲ್ಲ ಮನೆಯಲ್ಲಿ ಕೇಳಲು ಬಾಯಿ ಬರಲಿಲ್ಲ. ಲ್ಯಾಪ್‌ಟಾಪ್ ಒಂದು ಸಾಕು ಅಂದರೆ ಅವನು ಇರುತ್ತಾನೆ. ಎರಡು ಬೇಕು ಅಂದರೆ ಹೊರಟ. ತಾನು ಕೇಳಬೇಕಾದದ್ದನ್ನು ಅಂಗಡಿಯವನ ಬಾಯಲ್ಲಿ ಕೇಳಿಸುವ ಹಂಚಿಕೆ. ಬಸ್ಸಿನಲ್ಲಿ ಬರುವಾಗ ಅದು ಬಹಳ ಚತುರವಾಗಿ ಕಂಡಿತ್ತು. ಈಗ ಪ್ರಶ್ನೆ ಕೌಂಟರಿನ ಮೇಲೆ ಬಿದ್ದಿದೆ, ಇಬ್ಬರೂ ಅದನ್ನು ಬೇರೆ ಯಾರದೋ ಕರವಸ್ತ್ರ ಎಂಬಂತೆ ನೋಡುತ್ತಿದ್ದಾರೆ.

"ನೋಡೋಣ," ಎಂದ ಗಂಡ. "ಮೊದಲು ತೋರಿಸಿ."

ನೋಡೋಣ ಎಂಬುದು ಅವನ ಬದುಕಿನ ಹೆಬ್ಬಾಗಿಲು, ಕಿಟಕಿ, ಹಿತ್ತಲ ಬಾಗಿಲು ಎಲ್ಲವೂ.

ಅಂಗಡಿಯವನು ಐವತ್ತು ದಾಟಿದವನು. ತಲೆಗೆ ಕಪ್ಪು ಹಚ್ಚಿ, ಮೀಸೆಯನ್ನು ಬಿಳಿಯಾಗಿಯೇ ಬಿಟ್ಟಿದ್ದ. ಎರಡರಲ್ಲಿ ಯಾವುದನ್ನು ನಂಬುವುದೋ ತಿಳಿಯುವಂತಿರಲಿಲ್ಲ. ಅವನು ಒಂದೊಂದೇ ಲ್ಯಾಪ್‌ಟಾಪನ್ನು ತೆರೆದು ಹೆಣ್ಣು ತೋರಿಸುವವನ ಹಾಗೆ ಅವರತ್ತ ತಿರುಗಿಸಿದ. "ಇದು ಹಿರೀಮಗಳಿದ್ದ ಹಾಗೆ ಮೇಡಂ. ನೋಡೋಕೆ ಸಾಧಾರಣ, ಎಷ್ಟು ಹೇರಿದ್ರೂ ತಡ್ಕೊಳತ್ತೆ. ಇದು ಅಳಿಯ. ಥಳುಕು ಜಾಸ್ತಿ, ಬೇಗ ಬಿಸಿ ಆಗ್ತಾನೆ. ಸರ್ ನಕ್ಷೆ ಗಿಕ್ಷೆ ಬರೀತೀರಾ ಅಂದ್ರೆ ಪರದೆ ದೊಡ್ಡದಿರಬೇಕು, ಆಗ ಅಳಿಯನ್ನೇ ಸಹಿಸ್ಕೋಬೇಕು. ಮೇಡಂ ನಿಮ್ದು ಕೇಳೋ ಕೆಲಸ ಅಂತೀರಾ? ಫ್ಯಾನ್ ಸದ್ದು ಮಾಡಬಾರ್ದು. ಹಾಗಾದ್ರೆ ಈ ಚಿಕ್ಕಮ್ಮ. ಸದ್ದೇ ಇಲ್ಲ, ಆದ್ರೆ ಹೊಟ್ಟೆ ಚಿಕ್ಕದು, ಹೆಚ್ಚು ಹಿಡ್ಸಲ್ಲ." ಗಂಡ ನಕ್ಕ. ಅವನು ನಗುವುದನ್ನು ಕೇಳಿ ಬಹಳ ದಿನವಾಗಿತ್ತು. ಆ ನಗು ಮೂಗಿನಿಂದ ಶುರುವಾಗುತ್ತದೆ ಎಂಬುದನ್ನು ಅವಳು ಮರೆತೇ ಬಿಟ್ಟಿದ್ದಳು. ಜೊತೆಗೇ, ಈ ಅಪರಿಚಿತನಿಗೆ ಅಷ್ಟು ಸುಲಭವಾಗಿ ಸಿಕ್ಕಿದ್ದು ತನಗೇಕೆ ಸಿಗಲಿಲ್ಲ ಎಂದೂ ಅನಿಸಿತು.

ಬೆಳಿಗ್ಗೆ ಅವಳ ತಮ್ಮ ಫೋನಿನಲ್ಲಿ ಹೇಳಿದ್ದು ಬೇರೆಯೇ ಇತ್ತು. ಅವನಿಗೆ ಎಲ್ಲ ತಿಳಿದಿದೆ, ತಿಳಿದಿದೆ ಎಂಬುದೂ ತಿಳಿದಿದೆ. "ಅಕ್ಕಾ, ತುಂಬ ಸಿಂಪಲ್ಲು. ಕೆಲಸದ್ದು ಒಂದ್ಕಡೆ, ಮನೇದು ಇನ್ನೊಂದ್ಕಡೆ, ಎರಡರ ಕಾಪಿ ಮೂರನೇ ಕಡೆ." ಮೂರನೇ ಕಡೆ ಅಂದರೆ ಎಲ್ಲೋ ಎಂದರೆ, "ಬೇರೆ ಮನೇಲಿ ಅಕ್ಕಾ. ನಾಳೆ ನಿಮ್ಮನೆಗೆ ಬೆಂಕಿ ಬಿತ್ತು ಅಂತಿಟ್ಕೋ." "ಬಿಡ್ತು ಅನ್ನೋ." "ಬಿಡ್ತು. ಆದ್ರೂ ಬಿತ್ತು ಅಂತಿಟ್ಕೋ. ಡಿಸ್ಕಲ್ಲೂ ಹೋಯ್ತು, ಲ್ಯಾಪ್‌ಟಾಪಲ್ಲೂ ಹೋಯ್ತು. ಆಗ ನಿನ್ ಹತ್ರ ಏನುಳೀತು?" ಅವಳು ಉತ್ತರ ಕೊಡುವ ಮುಂಚೆಯೇ ಅವನು, "ಭಾವ ಏನಂತಾರೆ?" ಎಂದಿದ್ದ. ನೋಡೋಣ ಅಂತಾರೆ ಎಂದಾಗ ತಮ್ಮ ನಕ್ಕು, "ನಿಮ್ಮಿಬ್ಬರಿಗೂ ಬೇಕಾಗಿರೋದು ಲ್ಯಾಪ್‌ಟಾಪಲ್ಲ ಅಕ್ಕಾ, ಶಿಸ್ತು," ಎಂದು ಫೋನು ಇಟ್ಟಿದ್ದ. ಒಂದೇ ಯಂತ್ರ, ಅದರೊಳಗೆ ಗಂಡನ ಅಡುಗೆಮನೆಗಳು, ಅವಳ ಕೆಲಸದ ಧ್ವನಿಗಳು, ಯಾರದೋ ಮದುವೆಯ ಫೋಟೋಗಳು, ಕರೆಂಟ್ ಬಿಲ್ಲು. ಜಾಗವಿಲ್ಲ, ಜಾಗವಿಲ್ಲ ಎಂದು ಅದು ದಿನಕ್ಕೆ ನಾಲ್ಕು ಸಲ ಪರದೆಯ ಮೂಲೆಯಿಂದ ಗೊಣಗುತ್ತಿತ್ತು. ಅತ್ತೆ ಇದ್ದಿದ್ದರೆ ಹೀಗೇ ಗೊಣಗುತ್ತಿದ್ದರು ಎಂದು ಗಂಡ ಒಮ್ಮೆ ಹೇಳಿದ್ದ. ತನ್ನ ತಾಯಿಯನ್ನು ಅವನು ಅವಳು ಕರೆಯುವಂತೆ ಅತ್ತೆ ಎನ್ನುತ್ತಿದ್ದದ್ದು ಬರೀ ತಮಾಷೆಯ ಹುಕಿ ಬಂದಾಗ. ಈಚೆಗೆ ಅದು ಬಂದಿರಲಿಲ್ಲ.

ಅವಳ ಕೆಲಸ ಕೇಳುವುದು. ಕೇಳಿದ್ದನ್ನು ಅಕ್ಷರ ಬಿಡದೆ ಬರೆದುಕೊಡುವ ಒಂದು ಕಂಪನಿ. ವಿಮೆಯವರ ವಿಚಾರಣೆ, ಬಾಡಿಗೆದಾರರ ತಗಾದೆ, ಎಲ್ಲಕ್ಕಿಂತ ಹೆಚ್ಚಾಗಿ ಮುನಿಸಿಕೊಂಡ ಗಂಡ ಹೆಂಡಿರನ್ನು ಎದುರುಬದುರು ಕೂರಿಸಿ ಮಾಡುವ ರಾಜಿ ಮಾತುಕತೆ ಅಲ್ಲಿಗೆ ಬರುತ್ತವೆ. ಅಡುಗೆಮನೆಯ ಮೇಜಿನ ಮುಂದೆ ಕಿವಿಗೆ ಹೆಡ್‌ಫೋನ್ ಏರಿಸಿ, ಬಲಗಾಲನ್ನು ಪೆಡಲಿನ ಮೇಲಿಟ್ಟು ಕೂತಳೆಂದರೆ ಸಂಜೆಯವರೆಗೆ. ಪೆಡಲ್ ಒತ್ತಿದರೆ ಧ್ವನಿ ಓಡುತ್ತದೆ, ಕಾಲೆತ್ತಿದರೆ ನಿಲ್ಲುತ್ತದೆ, ಹಿಮ್ಮಡಿಯಿಂದ ಒತ್ತಿದರೆ ಸ್ವಲ್ಪ ಹಿಂದಕ್ಕೆ ಹೋಗಿ ಅದೇ ಮಾತನ್ನು ಇನ್ನೊಮ್ಮೆ ಹೇಳುತ್ತದೆ. ಯಾರ ಹೆಸರೂ ಇಲ್ಲ. ಹೆಂಗಸು ಒಂದು, ಗಂಡಸು ಒಂದು, ಮಧ್ಯಸ್ಥ. ಮಾತಿಲ್ಲದಾಗ ಆವರಣದೊಳಗೆ ಮೌನ ಎಂದು, ಕೇಳಿಸದಾಗ ಅಸ್ಪಷ್ಟ ಎಂದು ಬರೆಯಬೇಕು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಮೊದಲಿಂದ ಕೇಳಿ ತಿದ್ದುತ್ತಾರೆ. ಆ ಎರಡನೆಯವರನ್ನು ಕಂಪನಿಯಲ್ಲಿ ಎರಡನೇ ಕಿವಿ ಎನ್ನುತ್ತಾರೆ. ಬೇರೆಯವರು ಅಸ್ಪಷ್ಟವೆಂದು ಕೈಬಿಟ್ಟದ್ದೆಲ್ಲ ಕೊನೆಗೆ ಬರುವುದು ಅವಳ ಬಳಿಗೆ. ಅಳುವಿನೊಳಗಿನ ಮಾತು, ಬಾಯಿಗೆ ಕೈ ಅಡ್ಡವಿಟ್ಟು ಆಡಿದ ಮಾತು, ಕುರ್ಚಿ ಎಳೆಯುವ ಸದ್ದಿನ ಕೆಳಗೆ ಜಾರಿಸಿದ ಬೈಗುಳ, ಎಲ್ಲವೂ ಅವಳಿಗೆ ಸಿಗುತ್ತಿತ್ತು. ಒಂದೇ ಅಡ್ಡಿಯೆಂದರೆ ಹೆಡ್‌ಫೋನ್ ತೆಗೆದ ಮೇಲೆ ಎದುರಿಗಿದ್ದವರು ಬಹಳ ಬೇಗ ಬೇಗ ಮಾತಾಡುತ್ತಾರೆ, ಹಿಂದಕ್ಕೂ ಹೋಗುವುದಿಲ್ಲ. ಗಂಡ ಏನೋ ಹೇಳಿ ಮುಗಿಸಿದ ಮೇಲೆ ಮೇಜಿನ ಕೆಳಗೆ ಅವಳ ಹಿಮ್ಮಡಿ ತಾನಾಗಿ ನೆಲವನ್ನು ಒತ್ತಿದ್ದುಂಟು. "ಏನಂದ್ರಿ?" ಎಂದರೆ ಅವನು, "ಏನಿಲ್ಲ ಬಿಡು," ಎನ್ನುತ್ತಿದ್ದ. ಮತ್ತೆ ಹೆಡ್‌ಫೋನ್. ಮತ್ತೆ ಹೆಂಗಸು ಒಂದು.

ತೀರ ತೊದಲುವ ಧ್ವನಿಗಳಿಗೆ ಅವಳು ಇನ್ನೊಂದು ಉಪಾಯ ಮಾಡಿಕೊಂಡಿದ್ದಳು. ಕಿವಿಗೆ ಬಿದ್ದದ್ದನ್ನು ತನ್ನ ಬಾಯಲ್ಲಿ ನಿಧಾನವಾಗಿ ಒಪ್ಪಿಸಿದರೆ ಯಂತ್ರ ಅದನ್ನು ಹಿಡಿದುಕೊಳ್ಳುತ್ತದೆ, ಆಮೇಲೆ ಟೈಪು ಮಾಡುವುದು ಸುಲಭ. ಅದಕ್ಕೊಂದು ಒಳ್ಳೆಯ ಮೈಕು. ಕೆಲವು ದಿನಗಳ ಹಿಂದೆ ಒಂದು ಮಧ್ಯಾಹ್ನ ಹಾಗೆ ಯಾರದೋ ದೂರನ್ನು ಒಪ್ಪಿಸುತ್ತಿರುವಾಗಲೇ ಗಂಡ ಬಂದು ಪಾಲುದಾರನ ವಿಷಯ ತೆಗೆದದ್ದು, ಅವಳು ಹೆಡ್‌ಫೋನ್ ಕಿತ್ತಿಟ್ಟದ್ದು, ಮಾತು ಕಪಾಟಿನ ಬಾಗಿಲಿನಿಂದ ಹೊರಟು ಎಲ್ಲಿಗೋ ಹೋದದ್ದು. ಮೈಕು ನಿಲ್ಲಿಸಿರಲಿಲ್ಲ. ಅದು ವಿಧೇಯವಾಗಿ ಎಲ್ಲವನ್ನೂ ಹಿಡಿದು, ಆ ದಿನದ ಕೆಲಸದ ಫೋಲ್ಡರಿನಲ್ಲಿ ಉಳಿದ ಜಗಳಗಳ ಸಾಲಿನಲ್ಲೇ ತಂದಿಟ್ಟಿತು. ಅವಳು ಮರುದಿನ ಫೋಲ್ಡರನ್ನು ಇಡಿಯಾಗಿ ಎಳೆದು ಕಂಪನಿಗೆ ಕಳಿಸಿದಳು. ಅಲ್ಲಿ ಅದಕ್ಕೂ ಒಂದು ಸಂಖ್ಯೆ ಬಿತ್ತು. ಸಂಖ್ಯೆ ಬಿದ್ದ ಮೇಲೆ ಯಾರ ಜಗಳವೂ ಒಂದೇ. ಟೈಪಾಗುವುದಕ್ಕೆ ಹೋಯಿತು.

ಅದನ್ನು ಬರೆದವಳು ಚಿಕ್ಕವಳೊಬ್ಬಳು. ಒಬ್ಬರ ಮುಖ ಒಬ್ಬರು ನೋಡಿಲ್ಲ, ಫೋನಿನಲ್ಲಿ ಮಾತ್ರ ಗುರುತು, ಅಕ್ಕಾ ಎನ್ನುತ್ತಾಳೆ. "ಅಕ್ಕಾ, ಒಂದು ಬಂದಿತ್ತು ನೋಡಿ ನನ್ ಹತ್ರ, ನಕ್ಕೂ ನಕ್ಕೂ ಸಾಕಾಯ್ತು. ಬಾಗಿಲಿಗೆ ಜಗಳ ಅಕ್ಕಾ! ಕಪಾಟಿನ ಬಾಗಿಲಿಗೆ! ಆ ಗಂಡಸು ಪಾಪ ಬಾಯೇ ಬಿಡಲ್ಲ. ಮೌನ, ಮೌನ, ಮೌನ ಅಂತ ಹೊಡೆದೂ ಹೊಡೆದೂ ಆ ಕೀ ಸವೆದೋಯ್ತು. ಹೆಂಗಸಿಂದೇ ದರ್ಬಾರು. ಹೋಗಿ ಅಂತಾಳೆ, ಹೋಗು ಅಂತಾಳೆ, ಅವನು ಹೋಗ್ತೀನಿ ಅಂತ ಹೇಳೇ ಇಲ್ಲ ಅಕ್ಕಾ, ಇವಳೇ ಕಳಿಸ್ತಿದಾಳೆ." ಅವಳು ಫೋನನ್ನು ಈ ಕಿವಿಯಿಂದ ಆ ಕಿವಿಗೆ ಬದಲಿಸಿ, "ಹೌದಾ," ಎಂದಳು. ಹೌದಾ ಎಂದದ್ದು ಯಾವ ದನಿಯಲ್ಲಿ? ಆ ಹುಡುಗಿಗೆ ಗುರುತು ಸಿಕ್ಕಿರಬಹುದೇ? ಗುರುತು ಸಿಕ್ಕಿಯೇ ಹೀಗೆ ಬೇರೆಯವರ ಸುದ್ದಿಯೆಂಬಂತೆ ಹೇಳಿ ಹಗುರ ಮಾಡುತ್ತಿದ್ದಾಳೆಯೇ? ಅಥವಾ ಸಿಟ್ಟು ಬಂದಾಗ ತನ್ನ ದನಿ ತನ್ನದಾಗಿ ಉಳಿಯುವುದಿಲ್ಲವೇ? ಗೊತ್ತಾಗಲಿಲ್ಲ. ಅದಕ್ಕಿಂತ ಹೆಚ್ಚಾಗಿ ಗೊತ್ತಾಗದಿದ್ದದ್ದು ಇನ್ನೊಂದಿತ್ತು. ಹೋಗ್ತೀನಿ ಎಂದು ಮೊದಲು ಹೇಳಿದವನು ಗಂಡ. ಅದು ಅವಳಿಗೆ ಸ್ಪಷ್ಟವಾಗಿ ನೆನಪಿದೆ: ಸಿಂಕಿನ ಹತ್ತಿರ ಬೆನ್ನು ಮಾಡಿ ನಿಂತು, ಹೋಗ್ತೀನಿ, ಎಂದ. ಅಷ್ಟು ದಿನವೂ ಆ ಒಂದು ಮಾತನ್ನು ಅವಳು ಎದೆಗೆ ಅವುಚಿಕೊಂಡು ಓಡಾಡಿದ್ದಳು, ಅದರ ಬಲದ ಮೇಲೇ ಅವನಿಗೆ ಬರೀ ಬೇಕಾದ್ದಷ್ಟನ್ನೇ ಬಡಿಸಿದ್ದಳು. ಅಂಥ ಮಾತೇ ಇಲ್ಲವೆನ್ನುತ್ತಾಳೆ ಇವಳು. ಕೆಲಸ ಕಲಿಯುತ್ತಿರುವ ಹುಡುಗಿ, ಕಿವಿ ಇನ್ನೂ ಎಳೆಯದು, ತಪ್ಪಿಸಿರಬಹುದು. ತಾನೇ ಕೇಳಿ ನೋಡಬಹುದಿತ್ತು. ಹೆಡ್‌ಫೋನ್ ಹಾಕಿ ಕಾಲನ್ನು ಪೆಡಲಿನ ಮೇಲೂ ಇಟ್ಟಳು. ಒತ್ತಲಿಲ್ಲ. ಊರವರ ಸಂಸಾರವನ್ನೆಲ್ಲ ಒತ್ತಿದ ಕಾಲು.

ಅದನ್ನು ಕೇಳಿದ ಮೇಲ್ವಿಚಾರಕಿ ನಗಲಿಲ್ಲ. ಅವಳಿಗೆ ಹಿಂದಿನಿಂದ ಎಲ್ಲರೂ ಅಲ್ಪವಿರಾಮ ಎನ್ನುತ್ತಾರೆ, ಅದಿಲ್ಲದ ಕಡೆ ಹಾಕುತ್ತಾಳೆ, ಇದ್ದ ಕಡೆ ತೆಗೆಯುತ್ತಾಳೆಂದು. ಅಲ್ಪವಿರಾಮ ಇವತ್ತು ಬೆಳಿಗ್ಗೆ ಫೋನು ಮಾಡಿ, "ಇದು ಯಾರ ಮನೆ ಅಂತ ನಾನು ಕೇಳಲ್ಲ," ಎಂದಳು. ಕೇಳಲ್ಲ ಎನ್ನುವಾಗಿನ ಆ ದಾಕ್ಷಿಣ್ಯಕ್ಕೆ ಕೇಳಿಸಿಕೊಂಡವಳ ಕಿವಿ ಕೆಂಪಾಗಿತ್ತು. "ನಮ್ಮಲ್ಲಿರೋದನ್ನ ನಾನೇ ಅಳಿಸಿದೀನಿ. ನಿಮ್ಮ ಹತ್ರ ಇರೋದನ್ನ ಇವತ್ತು ಸಂಜೆ ಒಳಗೆ ಕೆಲಸದ ಫೋಲ್ಡರಿಂದ ಅಳಿಸಿ, ಅಳಿಸಿದೀನಿ ಅಂತ ಒಂದು ಸಾಲು ಬರೀರಿ. ಕೆಲಸದ್ದಕ್ಕೂ ಮನೇದಕ್ಕೂ ಬೇರೆ ಜಾಗ ಮಾಡ್ಕೊಳಿ. ಇನ್ನೊಂದ್ಸಲ ಮನೆ ಇಲ್ಲಿಗೆ ಬಂದ್ರೆ ನಾನೇನೂ ಮಾಡೋಕಾಗಲ್ಲ." ಮನೆ ಇಲ್ಲಿಗೆ ಬಂದರೆ! ಬಾಲ ಅಲ್ಲಾಡಿಸಿಕೊಂಡು ಹಿಂದೆ ಹಿಂದೆ ಬರುವ ನಾಯಿಯೇನೋ ಎಂಬಂತೆ. ಗಂಡನಿಗೆ ಅವಳು ಹೇಳಿದ್ದು, ಲ್ಯಾಪ್‌ಟಾಪ್ ತುಂಬಿಹೋಗಿದೆ, ಕಂಪನಿಯವರು ಬೇರೆ ಮಾಡಿಕೊಳ್ಳಿ ಅನ್ನುತ್ತಿದ್ದಾರೆ, ಎಂದಷ್ಟೇ. ಮೈಕು ತೆರೆದೇ ಇತ್ತೆಂದಾಗಲಿ, ಅವನ ಮೌನಗಳಿಗೆಲ್ಲ ಯಾವಳೋ ಹುಡುಗಿ ಆವರಣ ಕಟ್ಟಿದ್ದಾಳೆಂದಾಗಲಿ ಅವನಿಗೆ ಗೊತ್ತಿರಲಿಲ್ಲ. ಅವನು ಅಂಗಿ ಬದಲಿಸಿದ. ಹೊರಡುವಾಗ ನಡುಮನೆಯಲ್ಲಿ ಆ ಸೂಟ್‌ಕೇಸನ್ನು ಬಳಸಿಕೊಂಡು ಬರಬೇಕಾಯಿತು. ಜಗಳದ ಮಾರನೇ ದಿನ ಅವನು ಅದನ್ನು ಅಟ್ಟದಿಂದ ಇಳಿಸಿದ್ದ. ತುಂಬಲಿಲ್ಲ. ಮೇಲಕ್ಕೂ ಹಾಕಲಿಲ್ಲ. ಈಗ ಅದರ ಮೇಲೆ ಓದಿದ ಪೇಪರುಗಳು, ಇಸ್ತ್ರಿಯಿಂದ ಬಂದ ಬಟ್ಟೆ, ಒಂದು ಛತ್ರಿ ಕೂತಿದ್ದವು. ಇನ್ನೂ ಕೆಲವು ದಿನ ಬಿಟ್ಟಿದ್ದರೆ ಅದಕ್ಕೊಂದು ಬಟ್ಟೆ ಹಾಸಿ ಹೂದಾನಿ ಇಡಬಹುದಿತ್ತು.

"ಹಳೇದನ್ನ ತಂದಿದೀರಾ? ಕೊಡಿ ಇಲ್ಲಿ, ಎಷ್ಟಿದೆ ನೋಡಿದ್ರೆ ಎಷ್ಟು ಬೇಕು ಅಂತ ಹೇಳ್ಬೋದು."

ಅವಳು ಚೀಲದಿಂದ ತೆಗೆದು ಕೊಟ್ಟಳು. ಅಂಗಡಿಯವನು ಅದನ್ನು ತೆರೆದು, ವೈದ್ಯರು ಕಣ್ಣಿನ ರೆಪ್ಪೆ ಬಿಡಿಸಿ ನೋಡುವ ಹಾಗೆ ನೋಡಿ ಮುಖ ಹುಳ್ಳಗೆ ಮಾಡಿದ. "ಉಸಿರಾಡೋಕೂ ಜಾಗ ಇಲ್ವಲ್ಲ ಮೇಡಂ. ಏನು ತುಂಬಿದೀರಾ?"

"ಅಡುಗೆಮನೆಗಳು," ಎಂದಳು ಅವಳು.

"ಜಗಳಗಳು," ಎಂದ ಗಂಡ.

ಅವಳು ಬೆಚ್ಚಿದಳು. ಅವನು ಅವಳ ಕೆಲಸದ ಬಗ್ಗೆ ಹೇಳಿದ್ದು, ಬೇರೆಯವರ ಜಗಳಗಳ ಬಗ್ಗೆ. ಮುಖದಲ್ಲಿ ಬೇರೇನೂ ಇರಲಿಲ್ಲ. ಇರಲಿಲ್ಲವೇ? ಅಂಗಡಿಯವನು ಇದೂ ದಿನಾ ಬರುವ ಗಿರಾಕಿಗಳ ಮಾತೇ ಎಂಬಂತೆ ತಲೆದೂಗಿ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದೊಂದು ಡಿಸ್ಕನ್ನು ಕೌಂಟರಿನ ಮೇಲಿಟ್ಟ. ಇದರಲ್ಲಿ ತಿರುಗುವ ಚಕ್ರವಿಲ್ಲ, ಬಿದ್ದರೂ ಏನಾಗಲ್ಲ, ಎಂದ. ಅದೋ ಅಲ್ಲಿರೋದು ದೊಡ್ಡ ಡಿಸ್ಕು, ಹೆಚ್ಚು ಹಿಡಿಸುತ್ತೆ, ಕಮ್ಮಿಗೂ ಸಿಗುತ್ತೆ, ಆದರೆ ಕೈ ಜಾರಿದರೆ ಮುಗೀತು. ಇನ್ನು ಯಾವುದೂ ಬೇಡ ಅಂದರೆ ಕ್ಲೌಡು, ಎಲ್ಲೋ ಇರುತ್ತೆ, ಎಲ್ಲಿಂದ ಬೇಕಾದರೂ ತೆಗೀಬಹುದು. "ಎಲ್ಲೋ ಅಂದ್ರೆ?" ಎಂದ ಗಂಡ. "ಅದು ನಮಗೂ ಗೊತ್ತಿಲ್ಲ ಸರ್, ನಿಮಗೂ ಗೊತ್ತಿಲ್ಲ. ಇರುತ್ತೆ." "ಇದ್ದೂ ಇಲ್ಲದ ಹಾಗೆ," ಎಂದ ಗಂಡ, ಮತ್ತೆ ಅಂಚು ಸವರುತ್ತ. ಅದು ಯಾರಿಗೆ ಹೇಳಿದ್ದು? ಅವಳಿಗೆ ಇಂಥ ಕಡೆ ಕಾಲ ಕೆಳಗೆ ಪೆಡಲ್ ಬೇಕೆನಿಸುತ್ತಿತ್ತು. ಹಿಂದಕ್ಕೆ ಒತ್ತಿ, ಇದ್ದೂ ಎಂಬಲ್ಲಿ ಉಸಿರು ಎಲ್ಲಿ ನಿಂತಿತು, ಇಲ್ಲದ ಎಂಬಲ್ಲಿ ದನಿ ಇಳಿಯಿತೋ ಏರಿತೋ, ಒಂದು ಸಲ, ಒಂದೇ ಸಲ.

"ಎಷ್ಟು ಬೇಗ ತುಂಬತ್ತೆ ನೋಡಿ ಬೇಕಾದ್ರೆ," ಎಂದು ಅಂಗಡಿಯವನು ಚಿಕ್ಕ ಡಿಸ್ಕಿಗೆ ವೈರು ಸಿಕ್ಕಿಸಿ, ಕಣ್ಣಿಗೆ ಮೊದಲು ಬಿದ್ದ ಒಂದು ಫೈಲನ್ನು ಅದರೊಳಕ್ಕೆ ಎಳೆದ. ಹಸಿರು ಗೆರೆ ಸರಕ್ಕನೆ ಓಡಿ ಮುಗಿಯಿತು. "ಆಯ್ತು. ಈಗ ಡಿಸ್ಕಿಂದಾನೇ ಹಾಕ್ತೀನಿ, ಕೇಳಿ." ಯಾವ ಫೈಲು ಎಂದು ಅವಳು ಕತ್ತು ಚಾಚಿ ನೋಡಿದಳು. ಆ ಮಧ್ಯಾಹ್ನದ ತಾರೀಖು. ಬೇಡ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಅವಳ ಕಾಲು ಅಭ್ಯಾಸಬಲದಿಂದ ತನಗೆ ತಿಳಿದದ್ದನ್ನು ಮಾಡಿತು, ನೆಲದಿಂದ ಮೇಲೆದ್ದಿತು. ಪೆಡಲ್ ಇದ್ದರೆ ಧ್ವನಿ ಅಲ್ಲೇ ನಿಲ್ಲುತ್ತಿತ್ತು. ಅಂಗಡಿಯ ನೆಲ ಅದನ್ನೇನೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ, ಅವಳು ಕೊಕ್ಕರೆಯ ಹಾಗೆ ಒಂಟಿಕಾಲಲ್ಲಿ ನಿಂತಿರುವಂತೆಯೇ, ಗೋಡೆಗೆ ತೂಗುಹಾಕಿದ್ದ ಎರಡು ದೊಡ್ಡ ಸ್ಪೀಕರುಗಳಿಂದ ಒಬ್ಬ ಹೆಂಗಸು ಇಡೀ ಅಂಗಡಿಗೆ ಕೇಳುವಂತೆ ಮಾತಾಡತೊಡಗಿದಳು.

"...ಇಷ್ಟು ವರ್ಷದಲ್ಲಿ ಒಂದು ಬಾಗಿಲು ಹಾಕೋಕಾಗ್ಲಿಲ್ಲ ನಿಮ್ಮ ಕೈಲಿ. ಅಲ್ಲಿ ಹೋಗಿ ಊರಿಗೆಲ್ಲ ಹಾಕ್ತೀರಾ? ಹೋಗ್ಬೇಕು ಅಂತಿದ್ರೆ ಹೋಗಿ. ಯಾರು ಕಟ್ಟಿಹಾಕಿದಾರೆ? ನಾನಂತೂ ಹಿಡ್ಕೊಂಡಿಲ್ಲ. ಹೋಗಿ. ಯಾಕೆ ನಿಂತಿದೀರಾ? ಹೋಗು. ಹೋಗು ಅಂದ್ನಲ್ಲ, ಹೋಗು!"

ಪಕ್ಕದ ಸಾಲಿನಲ್ಲಿ ಫ್ರಿಜ್ಜಿನ ಬಾಗಿಲು ತೆರೆದು ನೋಡುತ್ತಿದ್ದ ದಂಪತಿ ತಿರುಗಿದರು. ಆ ಹೆಂಗಸು ಫ್ರಿಜ್ಜಿನ ಬಾಗಿಲನ್ನು ಸದ್ದಾಗದಂತೆ ಮುಚ್ಚಿದಳು.

"ಧಾರಾವಾಹಿನಾ ಮೇಡಂ?" ಎಂದ ಅಂಗಡಿಯವನು, ಮೆಚ್ಚುಗೆಯಿಂದ. "ಒಳ್ಳೆ ನಟನೆ. ನೋಡಿ, ಎಷ್ಟು ಕ್ಲಿಯರಾಗಿದೆ ಸೌಂಡು."

ಅವಳು ಗಂಡನತ್ತ ನೋಡಲಿಲ್ಲ. ನೋಡದೆಯೇ ಅವನ ಹೆಬ್ಬೆರಳು ಅಂಚಿನ ಮೇಲೆ ನಿಂತಿರುವುದು ಕಂಡಿತು. ಹಾಗಾದರೆ ಆ ಹುಡುಗಿಯ ಕಿವಿ ಸರಿಯಾಗಿಯೇ ಇದೆ. ಹೋಗ್ತೀನಿ ಎಂಬ ಮಾತು ಇಲ್ಲ; ಎಲ್ಲೂ ಇಲ್ಲ; ಅದನ್ನು ಅವನ ಬೆನ್ನಿಗೆ ಅವಳೇ ಅಂಟಿಸಿದ್ದು. ಇಷ್ಟು ವರ್ಷ ನೀವು ಎಂದವಳು ಹೋಗು ಎಂದಿದ್ದಾಳೆ, ಬೀದಿನಾಯಿಗೆ ಅನ್ನುವ ಹಾಗೆ, ಮತ್ತು ಅದನ್ನು ಮರೆತುಬಿಟ್ಟಿದ್ದಾಳೆ, ಮರೆತು ಆ ಜಾಗದಲ್ಲಿ ಅವನ ಮಾತೊಂದನ್ನು ತಂದು ತುಂಬಿದ್ದಾಳೆ. ಯಾರಾದರೂ ಟೈಪಿಸ್ಟು ಹೀಗೆ ಮಾಡಿದ್ದರೆ ಕೆಲಸದಿಂದ ತೆಗೆಯುತ್ತಿದ್ದರು. ಸ್ಪೀಕರಿನಲ್ಲಿ ಈಗ ಏನೂ ಇರಲಿಲ್ಲ. ಮೌನ, ಎಂದು ಹುಡುಗಿ ಇಲ್ಲಿ ಬರೆದಿರಬೇಕು. ಆದರೆ ಅದು ಮೌನವಲ್ಲವೆಂಬುದು ಅವಳ ಕಿವಿಗೆ ಕೂಡಲೇ ತಿಳಿಯಿತು: ನಲ್ಲಿಯಿಂದ ಒಂದು ಹನಿ, ಸ್ಟೂಲು ನೆಲಕ್ಕೆ ತಾಕಿದ್ದು, ಆಮೇಲೆ ಕರ್ರ್ ಎಂದು ಏನೋ ಉದ್ದಕ್ಕೆ ಎಳೆದ ಸದ್ದು, ಅದು ತಟಕ್ಕನೆ ಹಿಂದಕ್ಕೆ ಸೇರಿಕೊಂಡದ್ದು. ಅಳತೆಯ ಟೇಪು, ಆ ದಿನ ಹೆಡ್‌ಫೋನ್ ಮತ್ತೆ ಏರಿಸಿಕೊಂಡಿದ್ದವಳಿಗೆ ಕೇಳಿಸದ್ದು. ಮತ್ತೆ ಕರ್ರ್. ಅದರ ಹಿಂದೆಯೇ ಬಹಳ ಕೆಳಗೆ, ಗೋಡೆಯೊಂದಿಗೆ ಮಾತಾಡುವವನ ಹಾಗೆ, ಗಂಡಸಿನ ಗೊಣಗು.

"ನಿಲ್ಲಿಸಿ," ಎಂದ ಗಂಡ. "ಸ್ವಲ್ಪ ಹಿಂದೆ ಹೋಗಿ."

ಅಂಗಡಿಯವನು ಹಿಂದೆ ಹೋದ. ಹೆಚ್ಚು ಹೋದ. "ಹೋಗು ಅಂದ್ನಲ್ಲ, ಹೋಗು!" ಎಂದಿತು ಗೋಡೆ. ಆಮೇಲೆ ಹನಿ, ಸ್ಟೂಲು, ಟೇಪು, ಗೊಣಗು. "ಕೇಳಿಸ್ಲಿಲ್ಲ. ಇನ್ನೊಂದ್ಸಲ," ಎಂದ ಗಂಡ ಸ್ಪೀಕರಿನ ಕೆಳಗೆ ಹೋಗಿ ನಿಂತು, ಮಹಡಿಯಿಂದ ಯಾರೋ ಕರೆದರೆ ನೋಡುವ ಹಾಗೆ ತಲೆಯೆತ್ತಿ. ಮತ್ತೆ ಹೋಗು. ಮತ್ತೆ ಹನಿ. ಅಂಗಡಿಯವನ ಬೆರಳು ಒರಟು, ಪ್ರತಿ ಸಲವೂ ಅವಳ ಬೈಗುಳವನ್ನು ದಾಟಿಯೇ ಆ ಗೊಣಗಿಗೆ ಬರಬೇಕು. ಮೂರನೆಯ ಸಲ ಅವಳಿಗೆ ನಾಚಿಕೆ ತಡೆಯದಾಯಿತೋ, ಕಸುಬಿನ ಸಿಟ್ಟು ಬಂತೋ, "ಅಲ್ಲಿಂದಲ್ಲ ರೀ, ಇನ್ನೂ ಮುಂದೆ. ಬಿಡಿ, ನಾನು ಮಾಡ್ತೀನಿ," ಎಂದು ಲ್ಯಾಪ್‌ಟಾಪನ್ನು ತನ್ನತ್ತ ಎಳೆದುಕೊಂಡಳು. ಹೆಡ್‌ಫೋನ್ ಕೇಳಿ ಪಡೆದು ಹಾಕಿಕೊಂಡಳು. ಅಂಗಡಿ ಮುಳುಗಿತು. ಅವಳ ಅಡುಗೆಮನೆ ಎರಡೂ ಕಿವಿಗಳಲ್ಲಿ ಬಂದು ಕೂತಿತು, ಅವನ ಉಸಿರು ಸಮೇತ. ಕಪಾಟಿನೊಳಕ್ಕೆ ತಲೆ ಹಾಕಿ ಆಡಿದ್ದರಿಂದ ದನಿ ಡಬ್ಬಿಯೊಳಗಿನಿಂದ ಬಂದಂತಿತ್ತು. ಇದನ್ನೇ ಹುಡುಗಿ ಕೈಬಿಟ್ಟಿದ್ದಾಳೆ.

"ಅಗಲ ಹದಿನೇಳೂವರೆ ಇಂಚು," ಎಂದಳು ಕಣ್ಣು ಮುಚ್ಚಿ. "ಎತ್ತರ ಇಪ್ಪತ್ನಾಲ್ಕು ಬಲಕ್ಕೆ. ಎಡಕ್ಕೆ... ಎಡಕ್ಕೆ ಎರಡು ನೂಲು ಕಮ್ಮಿ."

"ಎರಡಾ? ಒಂದಲ್ವಾ?"

"ಎರಡು."

ಗಂಡ ಅಂಗಡಿಯವನ ಜೇಬಿನಿಂದ ಪೆನ್ನು ಎಳೆದುಕೊಂಡು ಅಂಗೈ ಮೇಲೆ ಬರೆದುಕೊಂಡ. "ಅದೇ ನೋಡು. ಅಳತೆ ತಗೊಂಡಿದ್ದೆ. ನಿನ್ ಗಲಾಟೇಲಿ ಬರ್ಕೊಳ್ಲಿಲ್ಲ, ಮರೆತೋಯ್ತು."

ಅವಳು ಹೆಡ್‌ಫೋನನ್ನು ಕೊರಳಿಗೆ ಇಳಿಸಿದಳು. "ಇನ್ನೊಂದ್ಸಲ ತಗೋಬೋದಿತ್ತಲ್ಲ."

"ಹೆಂಗ್ ತಗೊಳ್ಳೋದು? ಮುಂದೇನೇ ಕೂತಿರ್ತೀಯ. ನೀನು ಅಂದಿದ್ದಕ್ಕೇ ಅಳೀತಿದೀನಿ ಅನ್ಕೊಳಲ್ವಾ?"

ಇದು ಅವಳಿಗೆ ಹೊಳೆದಿರಲೇ ಇಲ್ಲ. ಇಷ್ಟು ದಿನ ಅವನು ಅಡುಗೆಮನೆಯ ಬಾಗಿಲವರೆಗೆ ಬಂದು, ಅವಳ ಬೆನ್ನು ನೋಡಿ, ಜೇಬಿನೊಳಗೆ ಟೇಪನ್ನು ಹಿಡಿದುಕೊಂಡು ತಿರುಗಿ ಹೋಗುತ್ತಿದ್ದನೇ? ಅವಳು ಆ ಹೆಜ್ಜೆಗಳನ್ನು ಹೆಡ್‌ಫೋನಿನ ಒಳಗಿಂದಲೇ ಕೇಳಿಸಿಕೊಂಡು, ಹೊರಡುವ ದಿನ ಯಾವುದೆಂದು ಹೇಳಲು ಬಂದು ಹೇಳಲಾರದೆ ಹೋಗುತ್ತಿದ್ದಾನೆ ಎಂದುಕೊಂಡಿದ್ದಳಲ್ಲ. ಹೋಗು ಎಂದು ಬೈಸಿಕೊಳ್ಳುತ್ತಲೇ ಒಬ್ಬ ಮನುಷ್ಯ ಸ್ಟೂಲು ಹತ್ತಿ ಕಪಾಟು ಅಳೆಯುತ್ತಾನೆಂದರೆ ಅದರರ್ಥ ಇರುತ್ತಾನೆಂದೋ, ಅಥವಾ ಹೋಗುವ ಮುಂಚೆ ಬಾಕಿ ಇಟ್ಟುಹೋಗಬಾರದು ಎಂದೋ, ಅಥವಾ ಕೈಗೆ ಏನಾದರೂ ಕೆಲಸ ಬೇಕಿತ್ತು ಎಂದಷ್ಟೋ? ಎರಡು ನೂಲಿನ, ಅಂದರೆ ಕಾಲಿಂಚಿನ, ವ್ಯತ್ಯಾಸವನ್ನು ಹಿಡಿದ ಕಿವಿಗೆ ಇದು ಹಿಡಿಯಲಿಲ್ಲ.

"ಹೋಗು ಅಂದಿದ್ದು ನಾನೇ," ಎಂದಳು. ಫ್ರಿಜ್ಜಿನ ದಂಪತಿಗೆ ಕೇಳಿಸಿದರೆ ಕೇಳಿಸಲಿ.

"ಗೊತ್ತು. ನಾನೂ ಅಲ್ಲೇ ಇದ್ನಲ್ಲ."

"ನೀವು ಹೋಗ್ತೀನಿ ಅಂದ್ರಿ ಅನ್ಕೊಂಡಿದ್ದೆ. ಇಷ್ಟು ದಿನ."

ಅವನು ಅಂಗೈಯಿಂದ ತಲೆಯೆತ್ತಿ ಅವಳನ್ನು ನೋಡಿದ. ಸೊಟ್ಟ ಗೋಡೆಯನ್ನು ನೋಡುವಾಗಿನ ನೋಟ ಅದು. ಅದರಲ್ಲಿ ಸಿಟ್ಟಿರುವುದಿಲ್ಲ, ಎಲ್ಲಿಂದ ಸೊಟ್ಟಗಾಗಿದೆ ಎಂಬ ಯೋಚನೆ ಮಾತ್ರ ಇರುತ್ತದೆ.

"ಹೋಗ್ತೀರಾ?"

"ಬಾಗಿಲು ಹಾಕಿ ನೋಡೋಣ."

ಅಂಗಡಿಯವನಿಗೆ ಧಾರಾವಾಹಿಯ ಬಗ್ಗೆ ಈಗ ಅನುಮಾನ ಬಂದಿರಬೇಕು. ಅವನು ಬಿಳಿಯ ಮೀಸೆಯನ್ನು ಒಮ್ಮೆ ಒರೆಸಿಕೊಂಡು, ಕಂಡೂ ಕಾಣದವನ ಜಾಣತನದಿಂದ ದನಿ ತಗ್ಗಿಸಿ, "ಹಳೇದರಲ್ಲಿ ಇದನ್ನ ಅಳಿಸ್ಬಿಡ್ಲಾ ಮೇಡಂ?" ಎಂದ. ಅವಳು ತಾನೇ ಅಳಿಸಿದಳು. ಫೋನು ತೆಗೆದು ಅಲ್ಪವಿರಾಮಳಿಗೆ, ಕೆಲಸದ ಫೋಲ್ಡರಿನಿಂದ ಅಳಿಸಿದ್ದೇನೆ, ಎಂದು ಒಂದು ಸಾಲು ಬರೆದಳು; ಅದರಲ್ಲಿ ಸುಳ್ಳೇನೂ ಇರಲಿಲ್ಲ. "ಡಿಸ್ಕಲ್ಲಿ ಇನ್ನೂ ಇದೆ," ಎಂದು ಅಂಗಡಿಯವನು ಜ್ಞಾಪಿಸಿದ. "ಬರೀ ಇದೊಂದೇ ಇದೆ ಅದರಲ್ಲಿ. ಏನ್ಮಾಡ್ಲಿ?"

"ಇರಲಿ," ಎಂದಳು. "ಅದು ಮನೇದು."

ತಮ್ಮ ಹೇಳಿದ ಶಿಸ್ತು ಹೀಗೆ ಶುರುವಾಯಿತು. ಒಂದು ಹೊಸ ಡಿಸ್ಕು, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ಬಿದ್ದರೂ ಏನಾಗದಂಥದ್ದು. ಇಡೀ ಮನೆ ಹಿಡಿಸುವಷ್ಟು ಖಾಲಿ. ಅದರೊಳಗೆ ಸದ್ಯಕ್ಕೆ ಒಂದು ಜಗಳ, ಒಂದು ಕಪಾಟಿನ ಅಳತೆ. ಗಂಡ ಅದನ್ನು ಎತ್ತಿ, ಅಂಚು ಸವರಿ, ಕೆಳಗಿಟ್ಟ.

"ಸರಿ, ಇದಾಯ್ತು," ಎಂದ ಅಂಗಡಿಯವನು. "ಲ್ಯಾಪ್‌ಟಾಪು? ಒಂದಾ, ಎರಡಾ?"

ಗಂಡ ಏನೋ ಹೇಳಿದ. ಅದೇ ಹೊತ್ತಿಗೆ ಪಕ್ಕದ ಸಾಲಿನಲ್ಲಿ ಯಾರೋ ಮಿಕ್ಸಿ ಹಾಕಿ ನೋಡಿದರು, ಅಂಗಡಿಯೆಲ್ಲ ಗರ್ರೆಂದಿತು, ಅವನ ತುಟಿ ಅಲುಗಿದ್ದಷ್ಟೇ ಅವಳಿಗೆ ಕಂಡದ್ದು. ಕೌಂಟರಿನ ಕೆಳಗೆ ಅವಳ ಬಲಗಾಲು ಹಿಮ್ಮಡಿಯೂರಿ, ಇಲ್ಲದ ಪೆಡಲನ್ನು ಹುಡುಕುತ್ತ ಮುಂದೆ ಸರಿಯಿತು. ಅವನ ಚಪ್ಪಲಿ ಸಿಕ್ಕಿತು, ಚಪ್ಪಲಿಯೊಳಗಿನ ಪಾದ ಸಿಕ್ಕಿತು. ತನಗೆ ತಿಳಿಯದ ಹಾಗೆ ಅವಳು ಅದನ್ನು ಗಟ್ಟಿಯಾಗಿ ಒತ್ತಿದಳು. ಅವನು ಕಾಲು ಎಳೆದುಕೊಳ್ಳಲಿಲ್ಲ. ಮಿಕ್ಸಿ ನಿಲ್ಲುವವರೆಗೂ ಕಾದು, ಹೇಳಿದ್ದನ್ನೇ ಇನ್ನೊಮ್ಮೆ ಹೇಳಲು ಬಾಯಿ ತೆರೆದ.